ನಿದ್ದೆ ಬರುವುದಲ್ಲ, ನಾವೇ ಹೋಗುವುದು: ಇಂಗ್ಲಿಷಿನ ಮಲಗುವ ಮಾತುಗಳು

ಕನ್ನಡದಲ್ಲಿ ನಿದ್ದೆ ಬರುತ್ತದೆ. ಕಣ್ಣಿಗೆ ಹತ್ತುತ್ತದೆ, ಜೊಂಪಾಗಿ ಹಿಡಿಯುತ್ತದೆ, ಸಣ್ಣ ಸದ್ದಿಗೆ ಹಾರಿಹೋಗುತ್ತದೆ. ಬರುವುದು, ಹೋಗುವುದು ಎಲ್ಲ ಅದರ ಕೆಲಸ. ನಾವು ಹಾಸಿಗೆಯಲ್ಲಿ ಕಾಯುತ್ತಾ ಇರುವವರು. 'ನನಗೆ ನಿದ್ದೆ ಬಂತು' ಎಂಬ ವಾಕ್ಯದಲ್ಲಿ ಕರ್ತೃಪದ 'ನಿದ್ದೆ', 'ನಾನು' ಅಲ್ಲ. ಇಂಗ್ಲಿಷ್ ಇದೇ ಸಂಗತಿಯನ್ನು ಇನ್ನೊಂದು ಕಡೆಯಿಂದ ನೋಡುತ್ತದೆ. ಅಲ್ಲಿ ನಿದ್ದೆ ಎಂಬುದು ಒಂದು ಜಾಗ. ಮನುಷ್ಯ ಅದರೊಳಗೆ ಹೋಗುತ್ತಾನೆ, ಜಾರುತ್ತಾನೆ, ಬೀಳುತ್ತಾನೆ, ಬೆಳಿಗ್ಗೆ ಮೇಲೆದ್ದು ಬರುತ್ತಾನೆ. 'ಗೋ ಟು ಸ್ಲೀಪ್', 'ಡ್ರಿಫ್ಟ್ ಆಫ್', 'ಫಾಲ್ ಅಸ್ಲೀಪ್', 'ವೇಕ್ ಅಪ್': ನಾಲ್ಕರಲ್ಲೂ ಚಲಿಸುವವನು ಮನುಷ್ಯ. ಕತೆ, ಕವಿತೆಗಳಲ್ಲಿ 'ಸ್ಲೀಪ್ ವುಡಂಟ್ ಕಮ್' ಎಂಬ ಪ್ರಯೋಗ ಸಿಗುತ್ತದೆ, ನಿಜ. ಆದರೆ ದಿನದ ಮಾತಿನ ದಾರಿ ಅದಲ್ಲ. ನಿದ್ದೆಯ ವಿಷಯಕ್ಕೆ ಬಂದಾಗ ಕನ್ನಡಿಗರ ಇಂಗ್ಲಿಷಿನಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ. ಇದು ಮನಸ್ಸಿನಲ್ಲಿ ಕೂತರೆ ಉಳಿದದ್ದನ್ನು ಬಾಯಿಪಾಠ ಮಾಡುವ ಅಗತ್ಯ ಬಹಳ ಕಡಿಮೆ.

'ಅಸ್ಲೀಪ್' ಎಂಬ ಪದವನ್ನೇ ಮೊದಲು ತೆಗೆದುಕೊಳ್ಳೋಣ. ಹಳೆಯ ಇಂಗ್ಲಿಷಿನಲ್ಲಿ ಇದು 'ಆನ್ ಸ್ಲೇಪ್' ಎಂಬಂತಹ ಎರಡು ಪದಗಳಾಗಿತ್ತು, ಅಂದರೆ 'ನಿದ್ದೆಯಲ್ಲಿ'. 'ಆನ್' ಸವೆದು ಸವೆದು ಬರೀ 'ಅ' ಆಗಿ ಮುಂದಿನ ಪದಕ್ಕೆ ಅಂಟಿಕೊಂಡಿತು. 'ಅಲೈವ್', 'ಅಫ್ಲೋಟ್', 'ಅಶೋರ್' ಇವುಗಳೂ ಇದೇ ರೀತಿ ಹುಟ್ಟಿದವು: ಜೀವದಲ್ಲಿ, ತೇಲಿನಲ್ಲಿ, ದಡದಲ್ಲಿ. ಇದನ್ನು ತಿಳಿದುಕೊಂಡರೆ ವ್ಯಾಕರಣದ ಒಂದು ನಿಯಮ ತಾನಾಗಿ ಬಿಚ್ಚಿಕೊಳ್ಳುತ್ತದೆ. 'ದ ಚೈಲ್ಡ್ ಈಸ್ ಅಸ್ಲೀಪ್' ಸರಿ, 'ಆ್ಯನ್ ಅಸ್ಲೀಪ್ ಚೈಲ್ಡ್' ತಪ್ಪು. ಕನ್ನಡದಲ್ಲೂ 'ಮಗು ನಿದ್ದೆಯಲ್ಲಿದೆ' ಎನ್ನಬಹುದು, 'ನಿದ್ದೆಯಲ್ಲಿ ಮಗು' ಎಂದು ಅದನ್ನು ನಾಮಪದದ ಮುಂದೆ ಸುಮ್ಮನೆ ಕೂರಿಸಲಾಗದು. 'ನಿದ್ದೆಯಲ್ಲಿರುವ ಮಗು' ಎನ್ನಬೇಕು. ಇಂಗ್ಲಿಷಿನಲ್ಲಿ ಆ ಸ್ಥಾನಕ್ಕೆ ಬರುವುದು 'ಸ್ಲೀಪಿಂಗ್': 'ಅ ಸ್ಲೀಪಿಂಗ್ ಚೈಲ್ಡ್'. ಆದರೆ 'ಅಸ್ಲೀಪ್' ಮುಂದೆ ಇನ್ನೊಂದು ಪದ ಕೂಡಿಕೊಂಡರೆ ಅದಕ್ಕೆ ನಾಮಪದದ ಮುಂದೆ ನಿಲ್ಲುವ ಬಲ ಬರುತ್ತದೆ. 'ಅ ಹಾಫ್ ಅಸ್ಲೀಪ್ ಸ್ಟೂಡೆಂಟ್' ಎಂದರೆ ಯಾರ ಕಿವಿಗೂ ಚುಚ್ಚುವುದಿಲ್ಲ.

'ಅಸ್ಲೀಪ್' ಮುಂದೆ 'ವೆರಿ' ಬರುವುದಿಲ್ಲ. ಒಂದು ಜಾಗದ ಒಳಗಿದ್ದೀರಿ ಅಥವಾ ಇಲ್ಲ; 'ತುಂಬಾ ಒಳಗಿದ್ದೀರಿ' ಎನ್ನಲಾಗದು. ನಿದ್ದೆ ಗಾಢವಾಗಿದೆ ಎನ್ನಲು ಬರುವುದು 'ಫಾಸ್ಟ್ ಅಸ್ಲೀಪ್' ಅಥವಾ 'ಸೌಂಡ್ ಅಸ್ಲೀಪ್'. ಇಲ್ಲಿ 'ಫಾಸ್ಟ್' ಎಂದರೆ ವೇಗ ಅಲ್ಲ. ಆ ಪದದ ಮೂಲ ಅರ್ಥ 'ಗಟ್ಟಿಯಾಗಿ ಕಚ್ಚಿಕೊಂಡ, ಅಲ್ಲಾಡದ'. 'ಹೋಲ್ಡ್ ಫಾಸ್ಟ್' ಎಂದರೆ ಬಿಗಿಯಾಗಿ ಹಿಡಿ. 'ಫಾಸನ್' ಎಂದರೆ ಬಿಗಿ. ಬಟ್ಟೆಗೆ 'ಕಲರ್ ಫಾಸ್ಟ್' ಎಂದರೆ ಬಣ್ಣ ಬಿಡದ್ದು. ವೇಗದ ಅರ್ಥ ಆಮೇಲೆ ಸೇರಿದ್ದು. ಹಾಗೆಯೇ 'ಸೌಂಡ್' ಎಂದರೆ ಸದ್ದಲ್ಲ. ಸದ್ದಿನ 'ಸೌಂಡ್' ಫ್ರೆಂಚ್ ಮೂಲಕ ಲ್ಯಾಟಿನ್‌ನಿಂದ ಬಂದ ಬೇರೆಯೇ ಪದ. ನಿದ್ದೆಯ 'ಸೌಂಡ್' ಜರ್ಮನ್ನರ 'ಗೆಸುಂಡ್' ಪದದ ಬಂಧು. ಆರೋಗ್ಯವಾದ, ಭಂಗವಿಲ್ಲದ ಎಂಬ ಅರ್ಥ. 'ಸೇಫ್ ಆ್ಯಂಡ್ ಸೌಂಡ್' ಎನ್ನುವಾಗ ಇರುವುದೂ ಅದೇ.

ಇವೆರಡರ ನಡುವೆ ಒಂದು ಸಣ್ಣ ಆದರೆ ಮುಖ್ಯವಾದ ಭೇದ ಇದೆ. 'ಸೌಂಡ್' ಎಲ್ಲ ರೂಪಗಳಲ್ಲೂ ತಿರುಗುತ್ತದೆ: 'ಸೌಂಡ್ ಅಸ್ಲೀಪ್', 'ಅ ಸೌಂಡ್ ಸ್ಲೀಪ್', 'ಸ್ಲೀಪ್ ಸೌಂಡ್‌ಲಿ', 'ಅ ಸೌಂಡ್ ಸ್ಲೀಪರ್'. 'ಫಾಸ್ಟ್' ಮಾತ್ರ 'ಅಸ್ಲೀಪ್' ಜೊತೆ ಬಿಟ್ಟರೆ ಅಲ್ಲಾಡುವುದಿಲ್ಲ. 'ಹೀ ಸ್ಲೆಪ್ಟ್ ಫಾಸ್ಟ್' ಎಂದರೆ ಕೇಳಿದವರಿಗೆ ವೇಗವಾಗಿ ನಿದ್ದೆ ಮಾಡಿ ಮುಗಿಸಿದ ಎಂಬಂತೆ ಕೇಳಿಸುತ್ತದೆ. ಎಚ್ಚರದ ಕಡೆಗೆ ಬಂದರೆ ಈ ಎರಡೂ ನಿಲ್ಲುವುದಿಲ್ಲ. ಅಲ್ಲಿ 'ವೈಡ್ ಅವೇಕ್', ಕಣ್ಣು ಅಗಲವಾಗಿ ತೆರೆದ ಎಚ್ಚರ.

ಈಗ ಅತಿ ಹೆಚ್ಚು ಎಡವುವ ಜಾಗಕ್ಕೆ ಬರೋಣ. ಕನ್ನಡದ 'ಮಲಗು' ಎಂಬ ಕ್ರಿಯಾಪದ ಮೂರು ಕೆಲಸ ಮಾಡುತ್ತದೆ. ಹಾಸಿಗೆಗೆ ಹೋಗುವುದೂ ಮಲಗುವುದೇ, ಮೈ ಚಾಚುವುದೂ ಮಲಗುವುದೇ, ನಿದ್ದೆ ಮಾಡುವುದೂ ಮಲಗುವುದೇ. 'ರಾತ್ರಿ ಎಷ್ಟೊತ್ತಿಗೆ ಮಲಗಿದೆ?' ಎಂಬ ಪ್ರಶ್ನೆಗೆ 'ಹನ್ನೊಂದಕ್ಕೆ ಮಲಗಿದೆ' ಎಂದು ನಾವು ಸಲೀಸಾಗಿ ಹೇಳುತ್ತೇವೆ. ಅದನ್ನೇ 'ಐ ಸ್ಲೆಪ್ಟ್ ಅಟ್ ಇಲೆವೆನ್' ಎಂದು ಮಾಡಿದಾಗ ಇಂಗ್ಲಿಷ್ ಕಿವಿಗೆ ಅದು ಅರ್ಧ ವಾಕ್ಯ. ಏಕೆಂದರೆ ಇಂಗ್ಲಿಷಿನಲ್ಲಿ 'ಸ್ಲೀಪ್' ಎಂಬುದು ಆರಂಭದ ಕ್ಷಣವನ್ನು ಹೇಳುವ ಕ್ರಿಯಾಪದವಲ್ಲ, ಅವಧಿಯನ್ನು ಹೇಳುವಂಥದ್ದು. ಏಳು ಗಂಟೆ ಹೊತ್ತು ಸ್ಲೀಪ್ ಮಾಡಬಹುದು, ಬೆಳಗಿನ ತನಕ ಮಾಡಬಹುದು, ರಾತ್ರಿಯಿಡೀ ಮಾಡಬಹುದು. ಒಂದು ನಿರ್ದಿಷ್ಟ ಗಂಟೆಗೆ ಮಾಡುವುದು 'ಗೋ ಟು ಬೆಡ್' ಅಥವಾ 'ಫಾಲ್ ಅಸ್ಲೀಪ್'.

ಒಂದು ರಾತ್ರಿಯನ್ನು ಗಡಿಯಾರದ ಮೇಲೆ ಇಟ್ಟು ನೋಡಿದರೆ ಸ್ಪಷ್ಟವಾಗುತ್ತದೆ. 10:30ಕ್ಕೆ ದೀಪ ಆರಿಸಿ ಹಾಸಿಗೆಗೆ ಹೋದಿರಿ: 'ವೆಂಟ್ ಟು ಬೆಡ್'. ಅತ್ತಿತ್ತ ಹೊರಳಾಡಿದಿರಿ: 'ಟಾಸ್ಡ್ ಆ್ಯಂಡ್ ಟರ್ನ್ಡ್'. 11:15ಕ್ಕೆ ಕಣ್ಣು ಹತ್ತಿತು: 'ಫೆಲ್ ಅಸ್ಲೀಪ್'. ಮೂರು ಗಂಟೆಗೆ ಎಚ್ಚರವಾಯಿತು: 'ವೋಕ್ ಅಪ್'. ಒಂದು ಗಂಟೆ ಕಣ್ಣು ಬಿಟ್ಟುಕೊಂಡು ಬಿದ್ದುಕೊಂಡಿದ್ದಿರಿ: 'ಲೇ ಅವೇಕ್'. ನಾಲ್ಕಕ್ಕೆ ಮತ್ತೆ ನಿದ್ದೆ: 'ಗಾಟ್ ಬ್ಯಾಕ್ ಟು ಸ್ಲೀಪ್'. ಆರಕ್ಕೆ ಎಚ್ಚರ, ಮತ್ತೆ 'ವೋಕ್ ಅಪ್'. 6:30ಕ್ಕೆ ಹಾಸಿಗೆ ಬಿಟ್ಟು ಎದ್ದಿರಿ: 'ಗಾಟ್ ಅಪ್'. ಎಚ್ಚರವಾಗುವುದಕ್ಕೂ ಏಳುವುದಕ್ಕೂ ಕನ್ನಡದಲ್ಲಿ ಇರುವ ಭೇದವೇ 'ವೇಕ್ ಅಪ್' ಮತ್ತು 'ಗೆಟ್ ಅಪ್' ನಡುವೆಯೂ ಇದೆ, ಹಾಗಾಗಿ ಇಲ್ಲಿ ಯಾರೂ ಹೆಚ್ಚು ತಪ್ಪುವುದಿಲ್ಲ. ತಪ್ಪುವುದು ಮೊದಲ ಭಾಗದಲ್ಲಿ.

'ಗೋ ಟು ಸ್ಲೀಪ್', 'ಫಾಲ್ ಅಸ್ಲೀಪ್', 'ಗೆಟ್ ಟು ಸ್ಲೀಪ್' ಮೂರೂ ಹೆಚ್ಚು ಕಡಿಮೆ ಒಂದೇ ಕ್ಷಣವನ್ನು ತೋರಿಸಿದರೂ ಬಳಕೆ ಒಂದೇ ಅಲ್ಲ. 'ಗೋ ಟು ಸ್ಲೀಪ್' ಅನ್ನು ಆಜ್ಞೆಯಾಗಿಯೂ ಹೇಳಬಹುದು. ಮಗುವಿಗೆ 'ಗೋ ಟು ಸ್ಲೀಪ್ ನೌ' ಎನ್ನುವುದು ಸಹಜ. 'ಫಾಲ್ ಅಸ್ಲೀಪ್' ಎಂದು ಆಜ್ಞೆ ಕೊಡಲಾಗದು, ಬೀಳುವುದು ಯಾರ ಇಚ್ಛೆಯೂ ಅಲ್ಲವಲ್ಲ. ಓದುತ್ತಾ, ಟಿವಿ ನೋಡುತ್ತಾ ಗೊತ್ತಿಲ್ಲದೆ ನಿದ್ದೆ ಹೋದರೆ ಅದು ಯಾವಾಗಲೂ 'ಫೆಲ್ ಅಸ್ಲೀಪ್'. 'ಗೆಟ್ ಟು ಸ್ಲೀಪ್' ಒಳಗೆ ಪ್ರಯತ್ನ, ಕಷ್ಟ ಇದೆ. ಹಾಗಾಗಿ ಅದು ಹೆಚ್ಚಾಗಿ 'ಕಾಂಟ್' ಅಥವಾ 'ಕುಡಂಟ್' ಜೊತೆ ಬರುತ್ತದೆ. 'ನನಗೆ ನಿದ್ದೆ ಬರ್ತಾ ಇಲ್ಲ' ಎಂಬುದಕ್ಕೆ ಸರಿಯಾದ ಇಂಗ್ಲಿಷ್ 'ಐ ಕಾಂಟ್ ಗೆಟ್ ಟು ಸ್ಲೀಪ್' ಅಥವಾ ಚಿಕ್ಕದಾಗಿ 'ಐ ಕಾಂಟ್ ಸ್ಲೀಪ್'. 'ಐ ಆ್ಯಮ್ ನಾಟ್ ಗೆಟಿಂಗ್ ಸ್ಲೀಪ್' ಎಂಬುದು 'ನಿದ್ದೆ ಬರುತ್ತಿಲ್ಲ' ಎಂಬುದರ ಪದಶಃ ನೆರಳು.

ಇಲ್ಲೊಂದು ಗೊಂದಲ ಇದೆ, ಅದನ್ನು ಬಿಡಿಸದೆ ಮುಂದೆ ಹೋಗಬಾರದು. 'ಗೆಟ್ ಸಮ್ ಸ್ಲೀಪ್', 'ಐ ಡಿಡಂಟ್ ಗೆಟ್ ಮಚ್ ಸ್ಲೀಪ್' ಎರಡೂ ಅಪ್ಪಟ ಇಂಗ್ಲಿಷ್. ಹಾಗಾದರೆ 'ಗೆಟ್' ತಪ್ಪು ಎನ್ನುವುದು ಹೇಗೆ? ಇಲ್ಲಿ 'ಗೆಟ್' ಎಂದರೆ ಒಂದಷ್ಟು ಪ್ರಮಾಣದ ನಿದ್ದೆ ದಕ್ಕುವುದು. ಆದ್ದರಿಂದ ಅದರ ಜೊತೆ ಸಾಮಾನ್ಯವಾಗಿ 'ಸಮ್', 'ಮಚ್', 'ಎನಿ', 'ಇನಫ್', 'ಫೋರ್ ಅವರ್ಸ್' ಹೀಗೆ ಅಳತೆಯ ಪದ ಇರುತ್ತದೆ. ಈ ಗಳಿಗೆಯಲ್ಲಿ ಕಣ್ಣು ಎಳೆಯುತ್ತಿದೆ ಎನ್ನಲು ಆ 'ಗೆಟ್' ಬರುವುದಿಲ್ಲ. 'ಐ ಆ್ಯಮ್ ಗೆಟಿಂಗ್ ಸ್ಲೀಪ್' ತಪ್ಪು, 'ಐ ಆ್ಯಮ್ ಗೆಟಿಂಗ್ ಸ್ಲೀಪಿ' ಸರಿ. ಒಂದು ಸ್ವರದ ವ್ಯತ್ಯಾಸ, ಆದರೆ ಒಂದರಲ್ಲಿ ನಿದ್ದೆ ಬರುತ್ತಿದೆ, ಇನ್ನೊಂದರಲ್ಲಿ ಮನುಷ್ಯನೇ ಬದಲಾಗುತ್ತಿದ್ದಾನೆ.

'ಮಗು ಮಲಗಿದೆ' ಎಂಬುದು ಇನ್ನೊಂದು ಬಲೆ. ಕನ್ನಡದ 'ಮಲಗಿದೆ' ಈಗಿನ ಸ್ಥಿತಿಯನ್ನು ಹೇಳುತ್ತದೆ, ಆದರೆ ಅದರ ರೂಪ ಭೂತಕಾಲದ ಹಾಗೆ ಕಾಣುತ್ತದೆ. ಹಾಗಾಗಿ 'ದ ಬೇಬಿ ಸ್ಲೆಪ್ಟ್' ಎಂದುಬಿಡುತ್ತೇವೆ. ಅದರ ಅರ್ಥ ಮಗು ನಿದ್ದೆ ಮಾಡಿತ್ತು, ಈಗ ಎದ್ದಿದೆ ಎಂದು. ಬೇಕಾದದ್ದು 'ದ ಬೇಬಿ ಈಸ್ ಅಸ್ಲೀಪ್'. ಇದೇ ತೊಂದರೆ 'ನಾನು ಮಲಗಿದ್ದೆ' ಎಂಬುದರಲ್ಲಿ 'ಐ ವಾಸ್ ಸ್ಲೆಪ್ಟ್' ಎಂಬ ರೂಪ ಹುಟ್ಟಿಸುತ್ತದೆ. ಇಂಗ್ಲಿಷಿನಲ್ಲಿ ಅಂಥ ರೂಪವೇ ಇಲ್ಲ. 'ಐ ವಾಸ್ ಅಸ್ಲೀಪ್' ಅಥವಾ 'ಐ ವಾಸ್ ಸ್ಲೀಪಿಂಗ್'. ಫೋನು ಎತ್ತದಿದ್ದುದಕ್ಕೆ ಕಾರಣ ಹೇಳುವಾಗ ಎರಡರಲ್ಲಿ ಯಾವುದಾದರೂ ನಡೆಯುತ್ತದೆ.

'ಸ್ಲೀಪ್ ಲೇಟ್' ಬಗ್ಗೆ ವಿಶೇಷವಾಗಿ ಎಚ್ಚರ ಇರಲಿ. ನಾವು ತಡವಾಗಿ ಮಲಗಿದೆ ಎಂಬ ಅರ್ಥದಲ್ಲಿ 'ಐ ಸ್ಲೆಪ್ಟ್ ಲೇಟ್' ಎನ್ನುತ್ತೇವೆ. ಇಂಗ್ಲಿಷ್ ಮನೆಮಾತಿನವರಿಗೆ ಅದು ತಿರುಗಿ ಕೇಳಿಸುತ್ತದೆ: ಬೆಳಿಗ್ಗೆ ತಡವಾಗುವವರೆಗೆ ನಿದ್ದೆ ಮಾಡಿದೆ. ಒಬ್ಬರು ನಿದ್ದೆ ಸಾಲದೆ ಸುಸ್ತಾಗಿದ್ದೇನೆ ಎಂದು ಹೇಳಹೊರಟು, ಕೇಳಿದವರು ಚೆನ್ನಾಗಿ ನಿದ್ದೆಯಾಗಿದೆ ಎಂದು ತಿಳಿಯುವಷ್ಟು ದೂರ. 'ಸ್ಟೇಡ್ ಅಪ್ ಲೇಟ್' ಅಥವಾ 'ವೆಂಟ್ ಟು ಬೆಡ್ ಲೇಟ್' ಎಂದರೆ ಸಂಶಯವೇ ಉಳಿಯುವುದಿಲ್ಲ.

ವೈದ್ಯರ ಮುಂದೆ ಕೂತಾಗ ಈ ಭೇದಗಳಿಗೆ ಇನ್ನಷ್ಟು ತೂಕ ಬರುತ್ತದೆ. 'ನಿದ್ದೆ ಸರಿಯಾಗಿಲ್ಲ' ಎಂಬ ದೂರಿನಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಅಡಗಿರಬಹುದು. ಹಾಸಿಗೆಗೆ ಹೋಗಿ ಎಷ್ಟು ಹೊತ್ತಾದರೂ ನಿದ್ದೆ ಹತ್ತದಿದ್ದರೆ 'ಐ ಹ್ಯಾವ್ ಟ್ರಬಲ್ ಫಾಲಿಂಗ್ ಅಸ್ಲೀಪ್'. ನಡುನಡುವೆ ಎಚ್ಚರವಾಗುತ್ತಿದ್ದರೆ 'ಐ ಹ್ಯಾವ್ ಟ್ರಬಲ್ ಸ್ಟೇಯಿಂಗ್ ಅಸ್ಲೀಪ್'. ನಸುಕಿಗೆ ಮುಂಚೆಯೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿದ್ದರೆ 'ಐ ವೇಕ್ ಅಪ್ ಟೂ ಅರ್ಲಿ'. ಮೂರನ್ನೂ 'ಇನ್ಸಾಮ್ನಿಯಾ' ಎಂಬ ಒಂದೇ ಹೆಸರಿನಡಿ ಸೇರಿಸಿದರೂ ಕಾರಣ ಹುಡುಕುವ ದಾರಿ ಬೇರೆ ಬೇರೆ. ದೀಪ ಆರಿಸಿದಾಗಿನಿಂದ ನಿದ್ದೆ ಹತ್ತುವ ತನಕದ ಸಮಯಕ್ಕೆ 'ಸ್ಲೀಪ್ ಲೇಟೆನ್ಸಿ' ಎನ್ನುತ್ತಾರೆ. ಮೇಲಿನ ಗಡಿಯಾರದ ರಾತ್ರಿಯಲ್ಲಿ ಅದು 45 ನಿಮಿಷ. ಔಷಧಿಯ ಪಟ್ಟಿಯ ಮೇಲೆ ಕಾಣುವ 'ಮೇ ಕಾಸ್ ಡ್ರೌಸಿನೆಸ್' ಎಂಬುದರ ಅರ್ಥ ಮಂಪರು ಕವಿಯಬಹುದು ಎಂದು. ವಾಹನ ಓಡಿಸಬೇಡಿ ಎಂಬ ಎಚ್ಚರಿಕೆ ಅದರ ಹಿಂದೆಯೇ ಬರುತ್ತದೆ. 'ಟೈರ್ಡ್' ಎಂದರೆ ಆಯಾಸ, ನಿದ್ದೆ ಬರಲೇಬೇಕೆಂದಿಲ್ಲ. 'ಸ್ಲೀಪಿ' ಎಂದರೆ ಕಣ್ಣು ಎಳೆಯುವುದು. 'ಗ್ರಾಗಿ' ಎಂದರೆ ಎದ್ದ ಮೇಲೂ ಬಿಡದ ಮಂಪರು. ಈ ಕೊನೆಯ ಪದಕ್ಕೊಂದು ಕತೆ ಇದೆ: 1740ರಲ್ಲಿ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಎಡ್ವರ್ಡ್ ವರ್ನನ್ ನಾವಿಕರಿಗೆ ಕೊಡುವ ರಮ್‌ಗೆ ನೀರು ಬೆರೆಸುವಂತೆ ಆದೇಶಿಸಿದ. ಅವನು ತೊಡುತ್ತಿದ್ದ 'ಗ್ರಾಗ್ರಮ್' ಬಟ್ಟೆಯ ನಿಲುವಂಗಿಯಿಂದ ಅವನಿಗೆ 'ಓಲ್ಡ್ ಗ್ರಾಗ್' ಎಂಬ ಅಡ್ಡಹೆಸರಿತ್ತು. ನೀರು ಬೆರೆತ ರಮ್ 'ಗ್ರಾಗ್' ಆಯಿತು, ಅದನ್ನು ಕುಡಿದು ತೂರಾಡುವವನು 'ಗ್ರಾಗಿ' ಆದ, ಆಮೇಲೆ ನಿದ್ದೆಗಣ್ಣಿನಲ್ಲಿ ತೂರಾಡುವವನೂ.

ಸಣ್ಣ ನಿದ್ದೆಗಳಿಗೆ ಇಂಗ್ಲಿಷ್ ಬಹಳ ಉದಾರಿ. 'ನ್ಯಾಪ್' ಬೇಕೆಂದೇ ತೆಗೆಯುವ ಹಗಲಿನ ಸಣ್ಣ ನಿದ್ದೆ. 'ಟೇಕ್ ಅ ನ್ಯಾಪ್' ಅಥವಾ 'ಹ್ಯಾವ್ ಅ ನ್ಯಾಪ್' ಎನ್ನುತ್ತಾರೆ, 'ಡೂ ಅ ನ್ಯಾಪ್' ಎನ್ನುವುದಿಲ್ಲ. 'ಡೋಜ್' ಹಗುರವಾದ, ಅರೆ ಎಚ್ಚರದ ನಿದ್ದೆ. ನಮ್ಮ ಕೋಳಿನಿದ್ದೆಗೆ ಹತ್ತಿರ. 'ನಾಡ್ ಆಫ್' ಅಂದರೆ ಕೂತಲ್ಲೇ ತಲೆ ಮುಂದಕ್ಕೆ ಬಾಗುವುದು. ಕನ್ನಡದ 'ತೂಕಡಿಸು' ಎಂಬುದಕ್ಕೆ ಇಷ್ಟು ಹತ್ತಿರದ ಪದ ಇಂಗ್ಲಿಷಿನಲ್ಲಿ ಇನ್ನೊಂದಿಲ್ಲ. ಹಾಸಿಗೆಯಲ್ಲಿ ಮಲಗಿರುವವರ ಬಗ್ಗೆ 'ನಾಡ್ ಆಫ್' ಹೇಳಿದರೂ ನಡೆಯುತ್ತದೆ, ಆದರೆ ಅದರ ಚಿತ್ರ ಕುರ್ಚಿಯದ್ದು. 'ಡ್ರಿಫ್ಟ್ ಆಫ್' ನಿಧಾನವಾಗಿ ತೇಲಿಹೋಗುವುದು, 'ಡ್ರಾಪ್ ಆಫ್' ಥಟ್ಟನೆ ಬೀಳುವುದು. ಈ ಮೂರರಲ್ಲೂ ಕೊನೆಗೆ 'ಆಫ್' ಇರುವುದು ಆಕಸ್ಮಿಕ ಅಲ್ಲ. ಎಚ್ಚರದ ದಡದಿಂದ ದೂರ ಸರಿಯುವುದನ್ನು ಅದು ತೋರಿಸುತ್ತದೆ. 'ಸಿಯೆಸ್ಟಾ' ಸ್ಪ್ಯಾನಿಷ್‌ನಿಂದ ಬಂದದ್ದು, ಮೂಲ ಲ್ಯಾಟಿನ್‌ನ 'ಆರನೆಯ ಗಂಟೆ'. ಸೂರ್ಯೋದಯದಿಂದ ಎಣಿಸಿದರೆ ಅದು ನಡುಹಗಲು. 'ಸ್ಲಂಬರ್' ಇಂದು ಪದ್ಯ, ಜಾಹೀರಾತುಗಳ ಪದ. ಮಾತಿನಲ್ಲಿ ಬಳಸಿದರೆ ನಾಟಕದ ಸಂಭಾಷಣೆಯಂತೆ ಕೇಳುತ್ತದೆ. 'ಕಿಪ್' ಬ್ರಿಟನ್ನಿನ ಆಡುಮಾತು. 18ನೇ ಶತಮಾನದಲ್ಲಿ ಇದಕ್ಕೆ ವೇಶ್ಯಾಗೃಹ ಎಂಬ ಅರ್ಥವಿತ್ತು, ಆಮೇಲೆ ಕೀಳುದರ್ಜೆಯ ವಸತಿಗೃಹ, ಅಲ್ಲಿಂದ ಹಾಸಿಗೆ, ಕೊನೆಗೆ ನಿದ್ದೆ.

'ಫಾರ್ಟಿ ವಿಂಕ್ಸ್' ಎಂದರೂ ಸಣ್ಣ ನಿದ್ದೆಯೇ. ಇಲ್ಲಿ ನಲವತ್ತು ಎಂಬುದು ಎಣಿಕೆ ಅಲ್ಲ. 'ವಿಂಕ್' ಎಂದರೆ ಇಂದು ಒಂದು ಕಣ್ಣು ಮಿಟುಕಿಸುವುದು. ಹಿಂದೆ ಅದರ ಅರ್ಥ ಎರಡೂ ಕಣ್ಣು ಮುಚ್ಚುವುದು. ಕಣ್ಣಿಗೆ ಬಟ್ಟೆ ಕಟ್ಟುವ ಅರ್ಥದಿಂದ ಮೋಸ ಮಾಡುವ ಅರ್ಥಕ್ಕೆ ಬಂದ 'ಹುಡ್‌ವಿಂಕ್' ಪದದಲ್ಲಿ ಆ ಹಳೆಯ ಅರ್ಥ ಇನ್ನೂ ಉಳಿದಿದೆ. 'ಐ ಡಿಡಂಟ್ ಸ್ಲೀಪ್ ಅ ವಿಂಕ್' ಎಂದರೆ ರೆಪ್ಪೆಗೆ ರೆಪ್ಪೆ ಹತ್ತಲಿಲ್ಲ. ಎರಡು ಭಾಷೆಗಳೂ ಇಲ್ಲಿ ರೆಪ್ಪೆಯನ್ನೇ ಹಿಡಿದಿವೆ. ಶೇಕ್ಸ್‌ಪಿಯರ್ ಕಾಲಕ್ಕಾಗಲೇ ಈ ಮಾತು ಬಳಕೆಯಲ್ಲಿತ್ತು. ಒಂದೇ ಎಚ್ಚರಿಕೆ: ಒಂಟಿ 'ವಿಂಕ್' ನಿಷೇಧ ವಾಕ್ಯದಲ್ಲಿ ಮಾತ್ರ ಬರುತ್ತದೆ. 'ಐ ಸ್ಲೆಪ್ಟ್ ಅ ವಿಂಕ್' ಎಂದು ಯಾರೂ ಹೇಳುವುದಿಲ್ಲ.

ಗಾಢ ನಿದ್ದೆಗೆ ಉಪಮೆಗಳು ಬೇಕಾದಷ್ಟಿವೆ. 'ಸ್ಲೀಪ್ ಲೈಕ್ ಅ ಲಾಗ್' ಮರದ ಕೊರಡಿನಂತೆ. ಅಲುಗಾಡದೆ ಎಂಬುದು ಮುಖ್ಯ. 'ಸ್ಲೀಪ್ ಲೈಕ್ ಅ ಬೇಬಿ' ಚಿಂತೆಯಿಲ್ಲದೆ, ನೆಮ್ಮದಿಯಾಗಿ. 'ಸ್ಲೀಪ್ ಲೈಕ್ ಅ ಟಾಪ್' ಈಗ ಹಳತಾಗುತ್ತಿರುವ ಮಾತು, ಆದರೆ ಚಿತ್ರ ಬಹಳ ಚೆಂದ: ಬುಗುರಿ ಪೂರ್ಣ ವೇಗದಲ್ಲಿ ತಿರುಗುವಾಗ ನಿಂತಲ್ಲೇ ನಿಂತಂತೆ ಕಾಣುತ್ತದಲ್ಲ, ಆ ನಿಶ್ಚಲತೆ. 'ಡೆಡ್ ಟು ದ ವರ್ಲ್ಡ್' ಎಂದರೆ ಕರೆದರೂ ಕೇಳದಷ್ಟು ಗಾಢ ನಿದ್ದೆ. ಸಾವಿಗೂ ಅದಕ್ಕೂ ಸಂಬಂಧವಿಲ್ಲ. 'ಔಟ್ ಲೈಕ್ ಅ ಲೈಟ್' ಎಂಬುದು ನಿದ್ದೆಯ ಆಳವನ್ನಲ್ಲ, ಅದು ಹತ್ತಿದ ವೇಗವನ್ನು ಹೇಳುತ್ತದೆ: ದೀಪ ಆರಿದಂತೆ, ತಲೆ ದಿಂಬಿಗೆ ತಾಗಿದ ಕ್ಷಣವೇ. 'ಔಟ್ ಫಾರ್ ದ ಕೌಂಟ್' ಬಾಕ್ಸಿಂಗ್ ಕಣದಿಂದ ಬಂದದ್ದು. ಹತ್ತು ಎಣಿಸುವುದರೊಳಗೆ ಏಳಲಾಗದೆ ಬಿದ್ದವನ ಹಾಗೆ. 'ಔಟ್ ಕೋಲ್ಡ್' ಮಾತ್ರ ಹುಷಾರು, ಅದರ ಮುಖ್ಯ ಅರ್ಥ ಪ್ರಜ್ಞೆ ತಪ್ಪಿದ್ದಾರೆ ಎಂದು. ಮನೆಯವರ ಬಗ್ಗೆ ಫೋನಿನಲ್ಲಿ ಹಾಗೆಂದರೆ ಕೇಳಿದವರು ಗಾಬರಿಯಾಗಬಹುದು. 'ಪಾಸ್ ಔಟ್' ಕೂಡ ಹಾಗೆಯೇ: ನಾವು ಕಾಲೇಜು ಮುಗಿಸಿದ್ದಕ್ಕೆ ಬಳಸುತ್ತೇವೆ, ಬೇರೆಡೆಯವರಿಗೆ ಅದು ಮೂರ್ಛೆ ಹೋಗುವುದು, ಕುಡಿದು ಬೀಳುವುದು ಅಥವಾ ಸುಸ್ತಾಗಿ ನಿದ್ದೆಗೆ ಬೀಳುವುದು.

ಸಜ್ಜನರ ನಿದ್ದೆ ಎಂಬ ಅರ್ಥದ 'ದ ಸ್ಲೀಪ್ ಆಫ್ ದ ಜಸ್ಟ್' ಇನ್ನೊಂದು. ಮನಸ್ಸಾಕ್ಷಿ ಚುಚ್ಚದವರಿಗೆ ಬರುವ ನಿದ್ದೆ. 'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬ ನಮ್ಮ ಗಾದೆಗೆ ಇದು ನೆಂಟ, ಆದರೆ ಪೂರ್ತಿ ಸಮ ಅಲ್ಲ. ಗಾದೆ ಚಿಂತೆಯ ಮಾತಾಡುತ್ತದೆ, ಇಂಗ್ಲಿಷ್ ನುಡಿ ತಪ್ಪಿನ ಮಾತಾಡುತ್ತದೆ. ಅನುವಾದಿಸುವವರು ಒಂದಕ್ಕೆ ಇನ್ನೊಂದನ್ನು ಕೂರಿಸುವಾಗ ಎರಡು ಸಲ ಯೋಚಿಸಬೇಕು.

ಮಲಗಲು ಹೊರಡುವುದಕ್ಕೆ 'ಹಿಟ್ ದ ಹೇ', 'ಹಿಟ್ ದ ಸ್ಯಾಕ್' ಎನ್ನುತ್ತಾರೆ. ಒಣಹುಲ್ಲು ತುಂಬಿದ ಹಾಸಿಗೆಯ ಕಾಲದ ನೆನಪು ಈ ಮಾತುಗಳಲ್ಲಿದೆ. 'ಟರ್ನ್ ಇನ್' ಸ್ವಲ್ಪ ಸೌಮ್ಯ. 'ಕಾಲ್ ಇಟ್ ಅ ನೈಟ್' ಎಂದರೆ ಇವತ್ತಿಗೆ ಸಾಕು. ಮಲಗುವುದಕ್ಕೂ ಆಗುತ್ತದೆ, ರಾತ್ರಿ ಕೆಲಸ ನಿಲ್ಲಿಸುವುದಕ್ಕೂ. ಇವು ಗೆಳೆಯರ ನಡುವಿನ ಮಾತುಗಳು, ಅರ್ಜಿ, ವರದಿಗಳಿಗೆ ಅಲ್ಲ. ಇವುಗಳ ರೂಪವನ್ನು ಬದಲಿಸಲೂ ಬಾರದು: 'ದ' ಬಿಟ್ಟು 'ಹಿಟ್ ಹೇ' ಎಂದರೆ ಅಥವಾ 'ಸ್ಯಾಕ್ಸ್' ಎಂದು ಬಹುವಚನ ಮಾಡಿದರೆ ನುಡಿಗಟ್ಟು ಮುರಿದು ಹೋಗುತ್ತದೆ.

ಪುರಾಣದ ಕಡೆಯಿಂದ ಬಂದವು ಎರಡು. 'ದ ಲ್ಯಾಂಡ್ ಆಫ್ ನಾಡ್' ಬೈಬಲಿನ ಆದಿಕಾಂಡದಲ್ಲಿ ಬರುವ ಒಂದು ಸ್ಥಳ. ತಮ್ಮನನ್ನು ಕೊಂದ ಕೇನ್ ಏದೆನಿನ ಪೂರ್ವಕ್ಕಿದ್ದ ಆ ನಾಡಿಗೆ ಹೋದ. ನಿದ್ದೆಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ತಲೆ ಬಾಗಿಸುವ 'ನಾಡ್' ಜೊತೆ ಉಚ್ಚಾರ ಕೂಡಿಬಂದದ್ದರಿಂದ ಶ್ಲೇಷೆಯಾಗಿ ನಿದ್ರಾಲೋಕವಾಯಿತು. 1738ರಲ್ಲಿ ಜೊನಾಥನ್ ಸ್ವಿಫ್ಟ್ ಇದನ್ನು ಈ ಅರ್ಥದಲ್ಲಿ ಬಳಸಿದ್ದಾನೆ. ನಿದ್ದೆಯನ್ನು ನಿಜಕ್ಕೂ ಒಂದು ದೇಶವನ್ನಾಗಿ ಮಾಡಿದ ನುಡಿ ಇದು. ಇನ್ನೊಂದು 'ಇನ್ ದ ಆರ್ಮ್ಸ್ ಆಫ್ ಮಾರ್ಫಿಯಸ್'. ಮಾರ್ಫಿಯಸ್ ನಿದ್ದೆಯ ದೇವತೆ ಎಂದು ಹಲವರು ಬರೆಯುತ್ತಾರೆ, ಅದು ಸರಿಯಲ್ಲ. ಅವನು ಕನಸುಗಳಲ್ಲಿ ಮನುಷ್ಯರ ರೂಪ ತಾಳುವವನು. ನಿದ್ದೆಯ ಗ್ರೀಕ್ ದೇವತೆ ಹಿಪ್ನಾಸ್, ರೋಮನ್ನರಿಗೆ ಸಾಮ್ನಸ್. ಮೂವರೂ ಆಸ್ಪತ್ರೆಯ ಭಾಷೆಯಲ್ಲಿ ಇಂದಿಗೂ ಇದ್ದಾರೆ: ಮಾರ್ಫೀನ್, ಹಿಪ್ನಾಸಿಸ್, ಇನ್ಸಾಮ್ನಿಯಾ. ಲ್ಯಾಟಿನ್‌ನಲ್ಲಿ ಮಲಗು ಎಂಬ ಅರ್ಥದ ಇನ್ನೊಂದು ಧಾತುವಿನಿಂದ 'ಡಾರ್ಮಿಟರಿ', 'ಡಾರ್ಮಂಟ್' ಬಂದವು. ಗ್ರೀಕಿನಲ್ಲಿ ಮಲಗುವ ಜಾಗ ಎಂಬ ಅರ್ಥವಿದ್ದ ಪದವೇ ಸ್ಮಶಾನ ಎಂಬ ಅರ್ಥದ 'ಸೆಮಿಟರಿ' ಆಯಿತು. ಸಾವನ್ನು ಚಿರನಿದ್ರೆ ಎನ್ನುವುದು ನಮ್ಮಲ್ಲಷ್ಟೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ.

ಈ ಸಾವಿನ ಛಾಯೆಯಿಂದಲೇ ಒಂದು ಅಪಾಯ ಹುಟ್ಟಿದೆ. 'ಪುಟ್ ದ ಬೇಬಿ ಟು ಸ್ಲೀಪ್' ಎಂದರೆ ಮಗುವನ್ನು ಮಲಗಿಸು. 'ಪುಟ್ ದ ಡಾಗ್ ಟು ಸ್ಲೀಪ್' ಎಂದರೆ ನಾಯಿಗೆ ಇಂಜೆಕ್ಷನ್ ಕೊಟ್ಟು ಸಾಯಿಸು. ಸಾಕುಪ್ರಾಣಿಗಳ ವಿಷಯದಲ್ಲಿ ಬೇರೆ ಅರ್ಥವನ್ನು ಯಾರೂ ತೆಗೆದುಕೊಳ್ಳುವುದಿಲ್ಲ. 'ಪುಟ್ ಡೌನ್' ಕೂಡ ಹೀಗೆಯೇ ಇಬ್ಬಗೆ: ಮಗುವನ್ನು 'ಪುಟ್ ಡೌನ್ ಫಾರ್ ಅ ನ್ಯಾಪ್' ಎಂದರೆ ತೊಟ್ಟಿಲಲ್ಲಿ ಮಲಗಿಸುವುದು, ಪ್ರಾಣಿಯನ್ನು 'ಪುಟ್ ಡೌನ್' ಎಂದರೆ ದಯಾಮರಣ. ನಾಯಿಯನ್ನು ರಾತ್ರಿ ಮಲಗಿಸಿದೆ ಎನ್ನಲು 'ಐ ಸೆಟಲ್ಡ್ ದ ಡಾಗ್ ಫಾರ್ ದ ನೈಟ್' ಎನ್ನಿ.

ಎರಡನೆಯ ಅಪಾಯ 'ಸ್ಲೀಪ್ ವಿತ್'. ಪ್ರವಾಸದಲ್ಲಿ ಗೆಳತಿಯ ಕೋಣೆಯಲ್ಲಿ ಮಲಗಿದೆ ಎನ್ನಲು 'ಐ ಸ್ಲೆಪ್ಟ್ ವಿತ್ ಮೈ ಫ್ರೆಂಡ್' ಎಂದರೆ ಕೇಳಿದವರಿಗೆ ಲೈಂಗಿಕ ಸಂಬಂಧದ ಮಾತಾಗಿ ಕೇಳಿಸುತ್ತದೆ. 'ಶೇರ್ಡ್ ಅ ರೂಮ್' ಅಥವಾ 'ಸ್ಟೇಡ್ ಅಟ್ ಹರ್ ಪ್ಲೇಸ್' ಎಂದರೆ ಸರಿ. 'ಸ್ಲೀಪ್ ಟುಗೆದರ್', 'ಸ್ಲೀಪ್ ಅರೌಂಡ್' ಕೂಡ ಇದೇ ಸಾಲಿನವು. ಪುಟ್ಟ ಮಕ್ಕಳು ಅಪ್ಪ ಅಮ್ಮನ ಜೊತೆ ಮಲಗುವುದಕ್ಕೆ 'ಕೋ ಸ್ಲೀಪಿಂಗ್' ಎಂಬ ಪ್ರತ್ಯೇಕ ಪದವೇ ಇದೆ.

'ಸ್ಲೀಪ್' ಹಿಂದೆ ಬರುವ ಉಳಿದ ಸಣ್ಣ ಪದಗಳು ನಿರಪಾಯ, ಆದರೆ ಅರ್ಥ ಪೂರ್ತಿ ಬದಲಾಯಿಸುತ್ತವೆ. 'ಸ್ಲೀಪ್ ಇನ್' ರಜೆಯ ದಿನ ಬೇಕೆಂದೇ ತಡವಾಗಿ ಏಳುವುದು. 'ಓವರ್‌ಸ್ಲೀಪ್' ಏಳಬೇಕಿದ್ದರೂ ಎಚ್ಚರವಾಗದಿರುವುದು. ಕಚೇರಿಗೆ ತಡವಾದಾಗ 'ಐ ಸ್ಲೆಪ್ಟ್ ಇನ್' ಎಂದರೆ ಬೇಕೆಂದೇ ಮಾಡಿದಂತೆ ಕೇಳಬಹುದು. 'ಐ ಓವರ್‌ಸ್ಲೆಪ್ಟ್' ಎಂಬುದರಲ್ಲಿ ತಪ್ಪೊಪ್ಪಿಗೆ ಇದೆ. ಅಲಾರಂ ಹೊಡೆದರೂ ಕೇಳದಿದ್ದರೆ 'ಸ್ಲೆಪ್ಟ್ ಥ್ರೂ ದ ಅಲಾರಂ'. 'ಸ್ಲೀಪ್ ಓವರ್' ಬೇರೆಯವರ ಮನೆಯಲ್ಲಿ ರಾತ್ರಿ ಉಳಿಯುವುದು. 'ಸ್ಲೀಪ್ ಇಟ್ ಆಫ್' ಅಮಲನ್ನೋ ತಲೆನೋವನ್ನೋ ನಿದ್ದೆ ಮಾಡಿ ಕಳೆಯುವುದು. 'ಸ್ಲೀಪ್ ಆನ್ ಇಟ್' ತೀರ್ಮಾನವನ್ನು ಒಂದು ರಾತ್ರಿ ಮುಂದೂಡುವುದು. 'ಲೆಟ್ ಮಿ ಸ್ಲೀಪ್ ಆನ್ ಇಟ್' ಎಂದು ವ್ಯವಹಾರದಲ್ಲೂ ಹೇಳಬಹುದಾದ ಘನತೆಯ ಮಾತು. 'ಸ್ಲೀಪ್ ರಫ್' ಮನೆಯಿಲ್ಲದೆ ಬೀದಿಯಲ್ಲಿ ಮಲಗುವುದು. ಇವೆಲ್ಲಕ್ಕಿಂತ ವಿಚಿತ್ರ, ಮನುಷ್ಯನೇ ಕರ್ತೃ ಅಲ್ಲದ ಒಂದು ಬಳಕೆ: 'ದ ಟೆಂಟ್ ಸ್ಲೀಪ್ಸ್ ಫೋರ್' ಎಂದರೆ ಡೇರೆಯಲ್ಲಿ ನಾಲ್ವರು ಮಲಗಬಹುದು.

ನಿದ್ದೆ ಜಾಗವಾದರೆ ಎಚ್ಚರ ಅದರ ಮೇಲಿನ ನೆಲ. ಅದಕ್ಕೇ ಎಚ್ಚರದ ಮಾತುಗಳಲ್ಲೆಲ್ಲ 'ಅಪ್'. 'ಆರ್ ಯು ಅಪ್?' ಎದ್ದಿದ್ದೀಯಾ? 'ಸ್ಟೇ ಅಪ್' ನಿದ್ದೆಗೆಟ್ಟು ಕೂರುವುದು. 'ವೇಟ್ ಅಪ್ ಫಾರ್ ಸಮ್‌ವನ್' ಒಬ್ಬರು ಮನೆಗೆ ಬರುವ ತನಕ ಮಲಗದೆ ಕಾಯುವುದು. 'ಸಿಟ್ ಅಪ್ ವಿತ್' ಕಾಯಿಲೆಯವರ ಪಕ್ಕ ರಾತ್ರಿಯಿಡೀ ಕೂರುವುದು. 'ಕೀಪ್ ಸಮ್‌ವನ್ ಅಪ್' ಮತ್ತೊಬ್ಬರ ನಿದ್ದೆ ಕೆಡಿಸುವುದು. 'ಮೈ ಸ್ಲೀಪ್ ಬ್ರೋಕ್' ಎಂಬ ನಮ್ಮ ಅನುವಾದದ ಬದಲು 'ದ ನಾಯ್ಸ್ ಕೆಪ್ಟ್ ಮಿ ಅಪ್' ಅಥವಾ 'ದ ನಾಯ್ಸ್ ವೋಕ್ ಮಿ ಅಪ್' ಬೇಕು. ಮೊದಲನೆಯದು ನಿದ್ದೆ ಹತ್ತಲೇ ಬಿಡಲಿಲ್ಲ, ಎರಡನೆಯದು ಹತ್ತಿದ ನಿದ್ದೆಯನ್ನು ಕೆಡಿಸಿತು.

ನಿದ್ದೆಯೇ ಇಲ್ಲದ ನಿದ್ದೆಯ ಮಾತುಗಳೂ ಇವೆ. 'ಅಸ್ಲೀಪ್ ಅಟ್ ದ ವೀಲ್' ಜವಾಬ್ದಾರಿಯ ಸ್ಥಾನದಲ್ಲಿದ್ದು ಮೈಮರೆಯುವುದು. 'ಕಾಟ್ ನ್ಯಾಪಿಂಗ್' ಸಿದ್ಧತೆಯಿಲ್ಲದಾಗ ಸಿಕ್ಕಿಬೀಳುವುದು. 'ಸ್ಲೀಪಿಂಗ್ ಪಾರ್ಟ್‌ನರ್' ಬಂಡವಾಳ ಹಾಕಿ ಆಡಳಿತದಲ್ಲಿ ಕೈಹಾಕದ ಪಾಲುದಾರ. ಅಮೆರಿಕದಲ್ಲಿ ಅವರು 'ಸೈಲೆಂಟ್ ಪಾರ್ಟ್‌ನರ್'. 'ಲೆಟ್ ಸ್ಲೀಪಿಂಗ್ ಡಾಗ್ಸ್ ಲೈ' ಎಂದರೆ ತಣ್ಣಗಾದ ಹಳೆಯ ಜಗಳವನ್ನು ಕೆದಕಬೇಡ. ಮಲಗಿದ ನಾಯಿಯನ್ನು ಎಬ್ಬಿಸಬಾರದೆಂಬ ಈ ಮಾತು 14ನೇ ಶತಮಾನದ ಕವಿ ಚಾಸರ್‌ನಲ್ಲೇ ಇದೆ. ಇದನ್ನು ನಮ್ಮ 'ಮಲಗಿದ ಸಿಂಹವನ್ನು ಕೆಣಕು' ಎಂಬುದಕ್ಕೆ ಸಮ ಮಾಡುವುದು ಪೂರ್ತಿ ಒಪ್ಪುವಂಥದ್ದಲ್ಲ. ಅಲ್ಲಿ ಭಯ ಎದುರಾಳಿಯ ಬಲದ್ದು, ಇಲ್ಲಿ ಮುಗಿದ ವಿಷಯ ಮತ್ತೆ ತಲೆಯೆತ್ತುವುದರದ್ದು. 'ಮೈ ಫುಟ್ ಹ್ಯಾಸ್ ಗಾನ್ ಟು ಸ್ಲೀಪ್' ಎಂದರೆ ಕಾಲು ಜೋಮು ಹಿಡಿದಿದೆ. ನರದ ಮೇಲೆ ಒತ್ತಡ ಬಿದ್ದು ಸಂದೇಶ ತಡೆದಾಗ ಸ್ಪರ್ಶ ತಿಳಿಯದು. ಒತ್ತಡ ತೆಗೆದಾಗ ನರ ಅಡ್ಡಾದಿಡ್ಡಿ ಸಂದೇಶ ಕಳಿಸುವುದರಿಂದ ಚುಚ್ಚಿದಂತಾಗುತ್ತದೆ, ಆ ಚುಚ್ಚುವಿಕೆಗೆ 'ಪಿನ್ಸ್ ಆ್ಯಂಡ್ ನೀಡಲ್ಸ್'. ಕಾಲು ಕೂಡ ನಿದ್ದೆಗೆ ಹೋಗಿ ಬರುತ್ತದೆ ನೋಡಿ, ಅದಕ್ಕೆ ನಿದ್ದೆ ಬರುವುದಲ್ಲ.

ಕೊನೆಗೆ ಬೀಳ್ಕೊಡುವ ಮಾತು. 'ಗುಡ್ ನೈಟ್' ಹೊರಡುವಾಗ ಅಥವಾ ಮಲಗುವಾಗ ಮಾತ್ರ; ರಾತ್ರಿ ಎಂಟಕ್ಕೆ ಎದುರಾದವರಿಗೆ 'ಗುಡ್ ಈವ್ನಿಂಗ್'. 'ಸ್ಲೀಪ್ ಟೈಟ್' ಎಂಬುದಕ್ಕೆ ಹಗ್ಗದ ಮಂಚವನ್ನು ಬಿಗಿಯುತ್ತಿದ್ದ ಕಾಲದ ಕತೆಯೊಂದು ಎಲ್ಲೆಡೆ ಹರಿದಾಡುತ್ತದೆ, ಅದಕ್ಕೆ ಆಧಾರವಿಲ್ಲ. 'ಟೈಟ್' ಇಲ್ಲಿ 'ಸೌಂಡ್‌ಲಿ' ಎಂಬ ಅರ್ಥದಲ್ಲೇ ಇದೆ, 'ಫಾಸ್ಟ್ ಅಸ್ಲೀಪ್' ಒಳಗಿನ ಬಿಗಿತವೇ ಇದರಲ್ಲೂ ಇರುವುದು. ಮಕ್ಕಳಿಗೆ, ತೀರಾ ಹತ್ತಿರದವರಿಗೆ ಹೇಳುವ ಮಾತು. ಮೇಲಧಿಕಾರಿಗೆ 'ಗುಡ್ ನೈಟ್' ಸಾಕು. ಬೆಳಿಗ್ಗೆ ಅತಿಥಿಯನ್ನು ಕೇಳುವುದು 'ಡಿಡ್ ಯು ಸ್ಲೀಪ್ ವೆಲ್?' ಎಂದು, 'ಡಿಡ್ ಯು ಗೆಟ್ ಸ್ಲೀಪ್?' ಎಂದಲ್ಲ. ಉತ್ತರ 'ಲೈಕ್ ಅ ಲಾಗ್' ಎಂದು ಬಂದರೆ ಕಾಫಿ ಕೊಡಬಹುದು. 'ನಾಟ್ ಅ ವಿಂಕ್' ಎಂದು ಬಂದರೆ ದಿಂಬನ್ನೋ ಕಿಟಕಿಯನ್ನೋ ಒಮ್ಮೆ ನೋಡಬೇಕು.